ಅಗಸಿಮನಿಯವರ ಬಾಗಿಲ ಕಲ್ಲು

ನಮ್ಮ ಈರಣ್ಣನ ಅಪ್ಪನವರಿಗೆ,

ಲಚ್ಯಾಣದಿಂದ ನಾನು ಮದುವೆಯಾಗಿ ತಾಂಬಾಕ್ಕೆ ಬಂದ ದಿನ ನೆನಪಿದೆಯೇ? ಊರೊಳಗೆ ಹೋಗುವ ಅಗಸಿಯ ದೊಡ್ಡ ಬಾಗಿಲಲ್ಲಿ ಚಕ್ಕಡಿ ನಿಲ್ಲಿಸಿ, ಹೊಸ್ತಿಲ ಕಲ್ಲಿಗೆ ನನ್ನ ಕೈಯಿಂದ ಕಾಯಿ ಒಡೆಸಿದಿರಿ. “ನಮ್ಮ ಮುತ್ಯಾರು ಈ ಬಾಗಲಾ ಕಾಯ್ದವ್ರು. ದಿನಾ ಸಂಜಿಗೆ ಹಾಕವ್ರು, ಮುಂಜಾನೆ ತೆಗಿಯವ್ರು. ಅದಕ್ಕ ನಾವು ಅಗಸಿಮನಿ” ಎಂದಿರಿ. ತವರಿನ ಅಡ್ಡಹೆಸರನ್ನು ಆ ಕಲ್ಲಿನ ಆಚೆಗೇ ಬಿಟ್ಟು ಒಳಗೆ ಬಂದೆ. ಅದಕ್ಕಾಗಿ ಅತ್ತವಳಲ್ಲ ನಾನು.

ನೀವು ಹೋದ ಮೇಲೆ ರಸ್ತೆ ಅಗಲ ಮಾಡುವವರು ಬಂದು ಅಗಸಿ ಕೆಡವಿದರು. ಅದಕ್ಕೆ ಅಂಟಿಕೊಂಡಿದ್ದ ನಮ್ಮ ಪಡಸಾಲೆಯೂ ಅದರ ಜೊತೆ ಹೋಯಿತು. ಉಳಿದದ್ದು ಆ ಕಲ್ಲೊಂದು. ಮಣ್ಣಿನಿಂದ ಎಬ್ಬಿಸಿ ಹಿತ್ತಲಲ್ಲಿ ಇಟ್ಟುಕೊಂಡೆ.

ಹೋದ ವಾರ ಈರಣ್ಣನ ಹೊಸ ಕಿರಾಣಿ ಅಂಗಡಿ ನೋಡಲು ಸಿಂದಗಿಗೆ ಹೋಗಿದ್ದೆ. ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಈರಣ್ಣ ತಾಂಬಾ’! ಅಲ್ಲೇ ಮಗನನ್ನು ಹೊರಗೆ ಕರೆದೆ.

“ಯಾರಲೇ ಈ ತಾಂಬಾ?”

“ಬಜಾರದಾಗ ಎಲ್ಲಾರೂ ತಾಂಬಾದ ಈರಣ್ಣ ಅಂತಾರವ್ವಾ. ಅಗಸಿಮನಿ ಅಂದ್ರ ಯಾರಿಗೂ ಗೊತ್ತಿಲ್ಲ.”

“ನಿಮ್ಮಪ್ಪಗ ಗೊತ್ತಿತ್ತು.”

ಮೊಮ್ಮಗಳು ಕಿಸಕ್ಕನೆ ನಕ್ಕಳು. “ಆಯಿ, ನಿನ್ನ ಅಗಸಿ ಎಲ್ಲೈತಿ, ತೋರ್ಸು ನೋಡೂಣು. ಇಲ್ಲದ ಬಾಗಲಾ ಯಾಕ ಕಾಯ್ತಿ? ಸಾಲ್ಯಾಗ ನನ್ನ ಹೆಸರೂ ತಾಂಬಾ ಅಂತನ ಹಚ್ಯಾರ.”

ಊರ ಹಿರಿಯರಿಗೇ ಎದುರು ಮಾತಾಡಿದವಳು ನಾನು. ಈ ಹುಡುಗಿಯ ಮಾತಿಗೆ ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟೆ. ನೀವಿದ್ದಿದ್ದರೆ ಏನೆನ್ನುತ್ತಿದ್ದಿರಿ? ಊರು ಬಿಟ್ಟವನನ್ನು ಬಿಟ್ಟ ಊರಿನಿಂದಲೇ ಕರೆಯುತ್ತಾರೆ, ಅಡ್ಡಹೆಸರು ಹುಟ್ಟುವುದೇ ಹೀಗೆ ಎಂದು ಸಮಾಧಾನ ಮಾಡುತ್ತಿದ್ದಿರೇನೋ. ಹುಟ್ಟಲಿ. ಆದರೆ ಹಳೆಯದು ಸಾಯುವುದು ನನ್ನ ಕಣ್ಣೆದುರೇ ಆಗಬೇಕೇ? ನಿಮ್ಮನ್ನು ಮಣ್ಣಿಗೆ ಕೊಟ್ಟೆ. ಈಗ ನಿಮ್ಮ ಹೆಸರನ್ನೂ...

ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಗೆ ಸೆರಗು ಒತ್ತಿಕೊಂಡು ಬಂದೆ. ಯಾರೂ ನೋಡಲಿಲ್ಲ ಬಿಡಿ.

ಇಂದು ಕಲ್ಲನ್ನು ಬಾಜೂ ಮನೆಯವರ ಟ್ರ್ಯಾಕ್ಟರಿಗೆ ಹೇರಿಸಿ, ನಾನೇ ಮುಂದೆ ಕುಳಿತು ಸಿಂದಗಿಗೆ ಒಯ್ದೆ.

“ಯವ್ವಾ, ಗಿರಾಕಿ ಎಡವಿ ಬೀಳ್ತಾರ!” ಎಂದು ಈರಣ್ಣ ಕೂಗಾಡಿದ.

“ಎಡವಲಿ. ಕಾಲೆತ್ತಿ ಇಡೋದು ಕಲೀತಾರ” ಎಂದು ಅಂಗಡಿಯ ಬಾಗಿಲಿಗೇ ಹಾಕಿಸಿದೆ. ಮೊಮ್ಮಗಳ ಕೈಯಿಂದ ಕಾಯಿ ಒಡೆಸಿದೆ. ಈ ಸಲ ಅವಳು ನಗಲಿಲ್ಲ.

ಬೋರ್ಡು ಹಾಗೆಯೇ ಇದೆ. ಅದನ್ನು ಬದಲಿಸುವುದು ನನ್ನ ಕೈಲಾಗಲಿಲ್ಲ. ಆದರೆ ಇನ್ನು ಮುಂದೆ ದಿನಾ ಸಂಜೆ ಬಾಗಿಲು ಹಾಕುವಾಗ, ಮುಂಜಾನೆ ತೆಗೆಯುವಾಗ, ನಿಮ್ಮ ಮಗ ಅದೇ ಕಲ್ಲಿನ ಮೇಲೆ ನಿಲ್ಲಬೇಕು.