ಎಲ್ಲ ಮಕ್ಕಳೂ ಪಾಸು

ಅಕ್ಕಾ,

ಕ್ಷೇಮವಾಗಿ ತಲುಪಿದೆ, ಮೊಣಕಾಲು ನೋವೂ ಕಡಿಮೆ. ನಾನು ಉಸ್ತುವಾರಿ ನೋಡುವ ನವಜಾತ ಶಿಶುಗಳ ಕಿವಿ ತಪಾಸಣೆಯಲ್ಲಿ ಈ ಆಸ್ಪತ್ರೆಯ ಒಂದು ಮಗುವೂ ಫೇಲಾಗಿರಲಿಲ್ಲ. ಶಹಬ್ಬಾಸ್ ಹೇಳಲೆಂದೇ ಬಂದೆ. ವಾರ್ಡಿಗೆ ಕಾಲಿಟ್ಟರೆ ನರ್ಸಮ್ಮ ಮಗುವಿನ ಕಿವಿಗೆ ಇಡಬೇಕಾದ ಯಂತ್ರದ ತುದಿಯನ್ನು ತಮ್ಮ ಕಿವಿಗೇ ಸಿಕ್ಕಿಸಿಕೊಂಡು ಕೂತಿದ್ದಾರೆ. ಮಗು ಪಕ್ಕದಲ್ಲಿ ನಿದ್ದೆ ಮಾಡುತ್ತಿತ್ತು.

“ಈಗಷ್ಟೇ ಮಲಗಿದೆ ಮೇಡಂ. ಎಬ್ಬಿಸಿದ್ರೆ ಅದರಮ್ಮ ನನ್ನ ಸುಮ್ನೆ ಬಿಡ್ತಾಳಾ? ನನ್ನ ಕಿವಿ ಗಟ್ಟಿ, ಯಾವಾಗ್ಲೂ ಪಾಸೇ.”

ಮಗು ಮಲಗಿದ್ದಾಗಲೇ ಮಾಡಬೇಕಾದ ಪರೀಕ್ಷೆ ಇದು. ಕಿವಿ ಕೇಳಿಸದ ಎಷ್ಟು ಮಕ್ಕಳು ಹೀಗೆ ಮನೆಗೆ ಹೋದವೋ. ಎಲ್ಲರನ್ನೂ ಮತ್ತೆ ಕರೆಸಬೇಕು. ಒಬ್ಬರೂ ಫೇಲಿಲ್ಲ ಎಂದಾಗ ನನಗೇಕೆ ಅನುಮಾನ ಬರಲಿಲ್ಲ?

ನಿನ್ನ ಮೊಮ್ಮಗಳೂ ಪಾಸಾದಳು ಎಂದಿದ್ದೆಯಲ್ಲ, ತುದಿ ಅವಳ ಕಿವಿಯಲ್ಲೇ ಇದ್ದದ್ದನ್ನು ಯಾರಾದರೂ ಕಣ್ಣಾರೆ ನೋಡಿದಿರಾ?

ಅವಸರದಲ್ಲಿ,
ತಂಗಿ