ಮೆಣಸಿನ ಗಿಡಕ್ಕೆ ಬಾರದ ರೋಗ

ಕೊಳ್ಳೇಗಾಲ
ನವೆಂಬರ್ 12, ಬುಧವಾರ

ಅಮ್ಮ,

ಹೇಗಿದ್ದೀಯ ಎಂದು ಮೊದಲೇ ಕೇಳಿಬಿಡುತ್ತೇನೆ. ಫೋನಿನಲ್ಲಿ ನಾನು ಅದನ್ನು ಕೇಳುವಷ್ಟರಲ್ಲಿ ನೀನು ಗಿಡಕ್ಕೆ ನೀರು ಹಾಕಿದ್ಯಾ ಎಂದು ಶುರು ಮಾಡಿರುತ್ತೀಯ. ಅದಕ್ಕೇ ಈ ಕಾಗದ. ಹಾಸ್ಟೆಲ್ ಸ್ಕೂಲಿನಲ್ಲಿ ಕನ್ನಡ ನಮಗೆ ಥರ್ಡ್ ಲ್ಯಾಂಗ್ವೇಜ್ ಆಗಿತ್ತು, ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೋ. ಮೊದಲು ಇಂಗ್ಲಿಷಿನಲ್ಲಿ ಬರೆಯಲು ಹೋಗಿ ಹರಿದು ಹಾಕಿದೆ. ಇಂಗ್ಲಿಷಿನಲ್ಲಿ ಬರೆದರೆ ನಾನು ತುಂಬಾ ಕಾನ್ಫಿಡೆಂಟ್ ಹುಡುಗಿಯ ಥರ ಕಾಣುತ್ತೇನೆ.

ಮೈಸೂರಿನ ಕಾಲೇಜಿನಲ್ಲಿ ಸೀಟು ಸಿಗುತ್ತಿತ್ತು, ನಿನಗೆ ನೆನಪಿರಬೇಕು. ಬಿ.ಎಸ್ಸಿ. ಕೊಳ್ಳೇಗಾಲದಲ್ಲೇ ಮಾಡುತ್ತೇನೆ ಎಂದು ಹಟ ಹಿಡಿದಿದ್ದು ನಾನೇ. ಐದನೇ ಕ್ಲಾಸಿನಿಂದ ಹಾಸ್ಟೆಲ್ ಊಟ ತಿಂದು ಸಾಕಾಗಿದೆ ಎಂದಿದ್ದೆ. ಊಟ ಅಷ್ಟೇನೂ ಕೆಟ್ಟದಾಗಿರಲಿಲ್ಲ. ನಿನ್ನ ಜೊತೆ ಇರಬೇಕು ಅನ್ನಲು ನಾಚಿಕೆಯಾಗಿತ್ತು.

ನಾನು ಮೇ ತಿಂಗಳಲ್ಲಿ ಟ್ರಂಕ್ ಸಮೇತ ಬಂದ ವಾರಕ್ಕೇ ನೀನು ಮಾಂಬಳ್ಳಿಗೆ, ಅಜ್ಜಿಯ ಮನೆಗೆ ಹೊರಟೆ. ನೀನೂ ಅಪ್ಪನೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು ಎಂದು ಆಗ ತಿಳಿಯಿತು. ರಜೆಗೆ ಬಂದಾಗಲೆಲ್ಲ ಇಬ್ಬರೂ ನನ್ನ ಹತ್ತಿರ ಮಾತಾಡುತ್ತಿದ್ದಿರಿ, ಹಾಗಾಗಿ ಗಮನಿಸಿರಲೇ ಇಲ್ಲ. ಹಿತ್ತಲ ಬಾಗಿಲಲ್ಲಿ ನಿಂತು ನೀನು, "ನಿನ್ ಇಸ್ಕೂಲು ಮುಗೀಲಿ ಅಂತ ಇಷ್ಟ್ ದಿನ ತಡ್ಕಂಡಿದ್ದೆ ಕಣವ್ವ. ಇನ್ ನೀನು ದೊಡ್ಡೋಳಾದೆ. ಗಿಡ ನೋಡ್ಕೊ" ಅಂದೆ. ನಾನು ಹ್ಞೂ ಅಂದೆ. ಆಮೇಲೆ ಯೋಚನೆ ಬಂತು. ನಾನು ಹಾಸ್ಟೆಲ್‌ನಲ್ಲಿದ್ದೆ ಅಮ್ಮ. ಈ ಮನೆಯಲ್ಲಿ ನೀನು ಯಾರಿಗೋಸ್ಕರ ತಡ್ಕೊಂಡಿದ್ದೆ?

ಹಿತ್ತಲಿನ ಬೇಸಿಗೆ ನಿನಗೆ ಗೊತ್ತಲ್ಲ. ಗಾಳಿಯಾಡುವುದಿಲ್ಲ, ಬೆವರು ಆರುವುದಿಲ್ಲ. ಮೆಣಸಿನ ಹೂವೆಲ್ಲ ಕಾವಿಗೆ ಉದುರುತ್ತಿತ್ತು. ಹಳೇ ಸೀರೆಯನ್ನು ಮೇಲೆ ಕಟ್ಟಿ ನೆರಳು ಮಾಡು ಎಂದು ನೀನು ಹೇಳಿದೆ, ಕಟ್ಟಿದೆ. ಮಧ್ಯಾಹ್ನ ಅದರ ಕೆಳಗೆ ನಾನೂ ಹೋಗಿ ಕೂರುತ್ತಿದ್ದೆ. ಸೀರೆಯಲ್ಲಿ ನಿನ್ನ ಪೌಡರಿನ ವಾಸನೆ ಇತ್ತು, ಜೂನ್‌ವರೆಗೂ ಇತ್ತು. ಕಾಲೇಜು ಶುರುವಾದ ಮೇಲೂ ಅಲ್ಲೇ ಕೂತು ಓದುತ್ತಿದ್ದೆ. ಕಾಲೇಜಿನಲ್ಲಿ ನನ್ನನ್ನು ಕಾನ್ವೆಂಟು ಎಂದು ಕರೆಯುತ್ತಾರೆ. ಸ್ಪಂದನ ಅಂತ ಒಬ್ಬಳು ದಿನಾ, "ಏನ್ ಕಾನ್ವೆಂಟು, ಇವತ್ತಾದ್ರೂ ಬಾಯ್ ಬಿಡ್ತೀಯಾ" ಎಂದು ಕೇಳುತ್ತಾಳೆ. ಒಳ್ಳೆಯವಳೇ ಇರಬೇಕು. ಏನು ಉತ್ತರ ಕೊಡಬೇಕೆಂದು ಮನೆಗೆ ಬಂದ ಮೇಲೆ ಹೊಳೆಯುತ್ತದೆ.

ಭಾನುವಾರದ ಫೋನಿನಲ್ಲಿ ಗಿಡ ಚೆನ್ನಾಗಿದೆ ಎಂದರೆ ನೀನು "ಸರಿ ಬುಡು, ಮಡಗ್ತೀನಿ" ಎಂದು ಇಟ್ಟುಬಿಡುತ್ತಿದ್ದೆ.

ಆಗಸ್ಟಿನಲ್ಲಿ ಮಳೆ ಹಿಡಿಯಿತು. ಹೀರೆಬಳ್ಳಿಗೆ ಕೋಲು ಕೊಡು ಅಂದೆ ನೀನು. ನಮ್ಮಲ್ಲಿ ನೂಲು ಸುತ್ತುವ ಕವಿತಕ್ಕ ನೀರೊಲೆಗೆಂದು ಹಿಪ್ಪುನೇರಳೆ ಕಡ್ಡಿಯ ಹೊರೆ ತಂದು ಹಾಕಿದ್ದಳು. ಅದರಲ್ಲಿ ಹಸಿಯಾದ, ನೇರವಾದ ಕಡ್ಡಿಗಳನ್ನೇ ಆರಿಸಿ ಬಳ್ಳಿಯ ಸುತ್ತ ನೆಟ್ಟೆ. ರೇಷ್ಮೆ ಸೀರೆ ನೇಯುವ ಮನೆಯಲ್ಲಿ ಹುಟ್ಟಿ, ಹಿಪ್ಪುನೇರಳೆ ಕಡ್ಡಿ ಮಣ್ಣಿಗೆ ತಾಗಿದರೆ ಚಿಗುರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಆ ಮಳೆಗೆ ಎಲ್ಲ ಕೋಲುಗಳೂ ಎಲೆ ಬಿಟ್ಟು, ಹೀರೆಬಳ್ಳಿ ಅದರೊಳಗೆ ಕಾಣೆಯಾಯಿತು. ಕವಿತಕ್ಕ ಸೊಂಟ ಹಿಡಿದುಕೊಂಡು ನಕ್ಕಳು. "ಲೇ ರಮ್ಯ, ಈರೇಕಾಯಿ ಬೆಳೀ ಅಂದ್ರೆ ರೇಸ್ಮೆ ಉಳಕ್ಕೆ ಮೇವು ಬೆಳ್ದಿದ್ದೀಯಲ್ಲ. ಇನ್ ಮೊಟ್ಟೆ ತರ್ಸ್‌ಬುಡು, ಗೂಡು ಮಾರವ."

ನಿನಗೆ ಹೇಳಿದಾಗ ನೀನೂ ನಕ್ಕೆ. ನಿಮ್ಮಪ್ಪನ ಮಗಳೇ ಸರಿ, ಅವರಿಗೂ ಸೀರೆ ಮೇಲಿನ ಬಳ್ಳಿ ಬಿಟ್ರೆ ಬೇರೆ ಬಳ್ಳಿ ಗೊತ್ತಿಲ್ಲ ಎಂದೆ. ಅರ್ಧ ಗಂಟೆ ಮಾತಾಡಿದೆ. ಅಷ್ಟು ಹೊತ್ತೂ ಮುಂದಿನ ಕೋಣೆಯಲ್ಲಿ ಅಪ್ಪನ ಮಗ್ಗ ನಿಂತಿತ್ತು. ಫೋನ್ ಇಟ್ಟ ಮೇಲೆ ಅಪ್ಪ ಬಂದು ನೀರು ಕುಡಿದು, ಏನಂತೆ ಎಂದರು. ನಗುತ್ತಿದ್ದಳು ಎಂದೆ. ಇನ್ನೊಂದು ಲೋಟ ಕುಡಿದು ಹೋದರು.

ಮುಂದಿನ ಭಾನುವಾರ ಎಲ್ಲ ಸರಿಹೋಯಿತು ಎಂದು ಹೇಳಿದೆ. ನೀನು ಮತ್ತೆ, ಸರಿ ಬುಡು, ಮಡಗ್ತೀನಿ.

ಅದರ ಮುಂದಿನ ವಾರ ಮೆಣಸಿಗೆ ಎಲೆ ಮುದುಡುವ ರೋಗ ಬಂದಿದೆ ಎಂದು ಹೇಳಿದೆ. ಬಂದಿರಲಿಲ್ಲ ಅಮ್ಮ. ಗೂಗಲ್‌ನಿಂದ ಫೋಟೋ ತೆಗೆದು ಕಳಿಸಿದೆ. ನೀನು ಬೇವಿನೆಣ್ಣೆ, ಹುಳಿ ಮಜ್ಜಿಗೆ, ಬೂದಿ ಎಂದು ಒಂದೊಂದನ್ನೂ ಬಿಡಿಸಿ ಹೇಳಿದೆ. ಮಧ್ಯೆ ಮಧ್ಯೆ ಊಟ ಮಾಡಿದ್ಯಾ ಎಂದೂ ಕೇಳಿದೆ. ವಾಸಿಯಾಯಿತು ಎಂದರೆ ಮಾತು ಮುಗಿಯುತ್ತದೆ, ಅದಕ್ಕೆ ವಾಸಿಯಾಗಲಿಲ್ಲ ಎಂದೆ. ಆಗ ನೀನು, "ಕಿತ್ತಾಕ್‌ಬುಡು, ಇಲ್ದಿದ್ರೆ ಎಲ್ಲಕ್ಕೂ ಅಂಟ್ಕತದೆ" ಅಂದೆ.

ಕಿತ್ತೆ. ಯಾಕೆಂದರೆ ಮುಂದಿನ ವಾರ ನೀನು ಕೇಳುತ್ತೀಯ, ಮತ್ತೆ ಎರಡು ಸುಳ್ಳನ್ನು ಒಟ್ಟಿಗೆ ಮ್ಯಾನೇಜ್ ಮಾಡಲು ನನಗೆ ಬರುವುದಿಲ್ಲ. ಗಿಡದಲ್ಲಿ ಕಾಯಿ ಇತ್ತು. ಬದನೆಗೂ ಹಾಗೇ ಆಯಿತು, ಬೆಂಡೆಗೂ. ಬೆಂಡೆ ಕೀಳುವಾಗ ಅಪ್ಪ ಹಿತ್ತಲ ಬಾಗಿಲಿಗೆ ಬಂದು, "ಚೆನ್ನಾಗೇ ಅದಲ್ಲವ್ವ" ಎಂದರು. ಅಮ್ಮ ಹೇಳಿದಳು ಎಂದೆ. ಅಮ್ಮ ಹೇಳಿದರೆ ಸರಿ ಎಂದು, ಬೇರಿನ ಮಣ್ಣು ಕೊಡವಿ ಗಿಡಗಳನ್ನು ತಾವೇ ಹೊರಗೆ ಹಾಕಿ ಬಂದರು.

ಹೋದ ಭಾನುವಾರ ಇನ್ನೇನು ಉಳಿದಿದೆ ಎಂದು ಕೇಳಿದೆಯಲ್ಲ. ಕರಿಬೇವು ಮಾತ್ರ ಎಂದೆ. "ಅದಕ್ಕೇನೂ ಆಗಕಿಲ್ಲ ಬುಡು. ಪರೀಕ್ಷೆ ಬತ್ತಾ ಅದೆ, ಓದ್ಕೊ. ವಾರ್ವಾರ ಫೋನ್ ಮಾಡ್ಕಂಡು ಕೂರಬೇಡ" ಅಂದೆ ನೀನು. ನಾನು ಓಕೆ ಅಂದೆ. ನೀನು ನನ್ನನ್ನು ಹಾಸ್ಟೆಲ್‌ನಲ್ಲಿ ಬಿಟ್ಟು ಹೋಗುವಾಗಲೂ ಓಕೆ ಎನ್ನುತ್ತಿದ್ದೆ, ಅದು ಅಭ್ಯಾಸ.

ಈಗ ಹಿತ್ತಲಿನಲ್ಲಿ ಸೋನೆ ಮಳೆ, ಖಾಲಿ ಪಾತಿಗಳಲ್ಲಿ ಪಾಚಿ ಕಟ್ಟಿದೆ. ಹೊಸ ಬೀಜ ಹಾಕಬಹುದು. ಹಾಕಿದರೆ ಮತ್ತೆ ಅದಕ್ಕೂ ರೋಗ ಬರಿಸುತ್ತೇನೆ ಎಂದು ಹೆದರಿಕೆ. ವಾಪಸ್ ಬಾ ಎಂದು ಕೇಳುತ್ತಿಲ್ಲ. ಅಪ್ಪನ ಹತ್ತಿರ ಮಾತಾಡು ಎಂದೂ ಅಲ್ಲ, ಅದು ನಿಮ್ಮಿಬ್ಬರ ವಿಷಯ. ಒಂದೇ ಕೇಳಬೇಕು. ಗಿಡ ಇಲ್ಲದೆಯೂ ನನ್ನ ಹತ್ತಿರ ಮಾತಾಡಲು ನಿನಗೆ ಏನಾದರೂ ಇದೆಯಾ?

ಇಲ್ಲದಿದ್ದರೂ ಪರವಾಗಿಲ್ಲ. ಸುಮ್ಮನೆ ಫೋನ್ ಹಿಡಿದುಕೊಂಡಿದ್ದರೂ ಆಗುತ್ತದೆ.

ಇಷ್ಟೇ,
ನಿನ್ನ ರಮ್ಯಶ್ರೀ

ಬರೆದು ಮುಗಿಸಿದ ಮೇಲೆ: ಶನಿವಾರ ಕ್ಲಾಸ್ ಮುಗಿಸಿ ಯಳಂದೂರು ಬಸ್ಸು ಹತ್ತಿ ಮಾಂಬಳ್ಳಿಯಲ್ಲಿ ಇಳಿಯುತ್ತೇನೆ. ಅಪ್ಪನಿಗೆ ಹೇಳಿದ್ದೇನೆ. ಬರಬೇಡ ಅನ್ನಬೇಕೆನಿಸಿದರೆ ಫೋನ್ ಮಾಡು. ಆದರೆ ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಾನು ಫೋನ್ ಸ್ವಿಚ್ ಆಫ್ ಮಾಡಿರುತ್ತೇನೆ.