ನೀಲಳಿಗೆ ಗಾಳಿ ಸೋಕಿಲ್ಲ

ದೇವೀರಪ್ಪ,

ನೀಲಳನ್ನು ಕರೆದುಕೊಂಡು ತರೀಕೆರೆಗೆ, ನಿನ್ನ ಚಿಕ್ಕಮ್ಮನ ಮನೆಗೆ ಹೊರಟಿದ್ದೇನೆ. ಮುದ್ದೆ, ಸಾರು ಮುಚ್ಚಿಟ್ಟಿದ್ದೇನೆ. ಹಸು ಒದ್ದರೆ ಹೊಡೆಯಬೇಡ, ಮೈ ಸವರಿದರೆ ಹಾಲು ಕೊಡುತ್ತದೆ.

ಸಂಜೆ ಆ ದೆವ್ವ ಬಿಡಿಸುವವನು ಬಂದರೆ ಮಜ್ಜಿಗೆ ಕೊಟ್ಟು ವಾಪಸ್ಸು ಕಳಿಸು. ನಿನ್ನ ತಂಗಿಗೆ ಯಾವ ಗಾಳಿಯೂ ಸೋಕಿಲ್ಲ. ಹೆಂಡತಿ ಸತ್ತ ಆ ಮುದಿ ಗಂಡು ನೋಡಲು ಬಂದಾಗ, "ನಾನೊಲ್ಲೆ, ಎದ್ದೋಗ್ರಿ" ಎಂದು ಉಪ್ಪಿಟ್ಟಿನ ತಟ್ಟೆ ಎಸೆದಳು, ಅಷ್ಟೇ. ಹೋದ ಯುಗಾದಿಯಲ್ಲಿ ಹೋಳಿಗೆಗೆ ತುಪ್ಪ ಸಾಲದೆಂದು ನೀನೂ ತಟ್ಟೆ ಎಸೆದೆ. "ಗಂಡುಮಗ ಕಣೇ, ರೋಷ ಇರ್ತದೆ" ಎಂದು ನಿಮ್ಮಪ್ಪ ನಕ್ಕರು. ಚೆಲ್ಲಿದ್ದನ್ನು ನಾನು ಬಳಿದೆ. ನಿನಗೆ ಯಾರೂ ಮಂತ್ರ ಹಾಕಿಸಲಿಲ್ಲ.

"ಅದು ಅವಳ ದನಿಯೇ ಅಲ್ಲ ಕಣವ್ವ" ಅಂದೆಯಲ್ಲ, ಅವಳದೇ ದನಿ ಮಗನೇ. ಈ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ನನ್ನದನ್ನೂ ಕೇಳಿಲ್ಲ.

ಆ ಸಂಬಂಧ ಬೇಡವೆಂದು ನೀನೇ ಹೋಗಿ ಹೇಳಿ ಬಾ. ಆಮೇಲೆ ನಮ್ಮನ್ನು ಕರೆಯಲು ಬರಬಹುದು.

ಅವಳಿಗೆ ಹೊಡೆಯಲೆಂದು ನೀನು ತಂದಿಟ್ಟ ಹುಣಸೆ ಬರಲನ್ನೆಲ್ಲ ಹಂಡೆಯ ಒಲೆಗೆ ಹಾಕಿದೆ. ನೀರು ಚೆನ್ನಾಗಿ ಕಾದಿದೆ, ಆರುವ ಮೊದಲು ಸ್ನಾನ ಮಾಡು.

ಅವ್ವ